ನಾಲ್ಕು ಚುಕ್ಕಿಯ ಬುಷ್ಷು

ನನ್ನ ಸೋದರಮಾವ ಹುಲಗಪ್ಪನನ್ನು ಸಗರದ ಜನ ಹದಿನಾಲ್ಕು ವರ್ಷ ‘ಬುಷ್ಷಿನ ಕಳ್ಳ’ ಎಂದು ಕರೆದರು. ಕೆಲವರು ಎದುರಿಗೇ ಕರೆದರು, ಉಳಿದವರು ಅವನು ಓಣಿ ದಾಟಿದ ಮೇಲೆ. ನಾನು ಇದೇ ಊರಿನ ಶಾಲೆಯಲ್ಲಿ ಟೀಚರು. ಹಾಗೆ ಕರೆದವರ ಮಕ್ಕಳಿಗೆ ನಾನೇ ಅಕ್ಷರ ತಿದ್ದಿಸಿದ್ದೇನೆ. ಯಾರ್ಯಾರು ಕರೆದರು ಎನ್ನುವುದು ನನಗೆ ಹಾಜರಿ ಪುಸ್ತಕದ ಹಾಗೆ ಬಾಯಿಪಾಠ, ಬೇಕಾದರೆ ಈಗಲೂ ಹೆಸರು ಹಿಡಿದು ಕೂಗುತ್ತೇನೆ. ದೊಡ್ಡ ಮನಸ್ಸು ಮಾಡಿ ಮರೆತುಬಿಡಿ ಟೀಚರ್ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ಮರೆಯುವುದಾಗಿದ್ದರೆ ನಮ್ಮ ಮಾವ ಅಷ್ಟೊಂದು ಕಬ್ಬಿಣ ಹೊರುತ್ತಿದ್ದನೇ?

ಮೊದಲಿನಿಂದ ಹೇಳುತ್ತೇನೆ. ಕೃಷ್ಣೆಯ ನೀರನ್ನು ನಮ್ಮ ಕಡೆಗೆ ತರಲು ಕಾಲುವೆ ಅಗೆಯುತ್ತಿದ್ದ ಕಾಲ. ಊರಿನಿಂದ ಎರಡು ಮೈಲಿ ದೂರದಲ್ಲಿ, ಗುಡ್ಡದ ಬುಡದಲ್ಲಿ, ಗುತ್ತೇದಾರನೊಬ್ಬನ ಕ್ಯಾಂಪು ಇತ್ತು. ಅಲ್ಲಿನ ತಗಡಿನ ಶೆಡ್ಡಿನಲ್ಲಿ ಮಣ್ಣು ಅಗೆಯುವ ಯಂತ್ರಗಳ ರಿಪೇರಿ ನಡೆಯುತ್ತಿತ್ತು. ಶೆಡ್ಡಿನ ನಡುವೆ ಎಂಟು ಅಡಿ ಉದ್ದದ ಒಂದು ಹಸಿರು ಲೇತು, ಕಬ್ಬಿಣವನ್ನು ಗರಗರ ತಿರುಗಿಸಿ ಕೆತ್ತುವ ಯಂತ್ರ. ನಮ್ಮ ಆಯಿ, ಅಂದರೆ ನಮ್ಮ ತಾಯಿಯ ತಾಯಿ ಲಾಲಮ್ಮ, ಆ ಶೆಡ್ಡಿನ ಕಸ ಗುಡಿಸುವ ಆಳು. ಅವಳ ಮಗ ಹುಲಗಪ್ಪ ಹೆಲ್ಪರು. ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಎತ್ತಿಡುವುದು, ಲೇತಿನ ಕೆಳಗೆ ಬಿದ್ದ ಕಬ್ಬಿಣದ ಸುರುಳಿಗಳನ್ನು ಬಾಚಿ ಬುಟ್ಟಿಗೆ ತುಂಬುವುದು ಅವನ ಕೆಲಸ.

ಲೇತು ನಡೆಸುತ್ತಿದ್ದವನು ಹೆಡ್ ಮೇಸ್ತ್ರಿ ರಂಗಣ್ಣ. ಬೇರೆ ಜಿಲ್ಲೆಯಿಂದ ಬಂದವನು, ಕೈ ಚಳಕ ಇದ್ದವನು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಬಾಯಿ! ‘ಹತ್ತು ವರ್ಷದಾಗ ಒಂದು ಪೀಸು ಕೆಡಿಸಿಲ್ಲ ನಾನು’ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಯಾವಾಗಲೂ ಜೇಬಿನಲ್ಲಿ ಒಂದು ಜರ್ದಾ ಡಬ್ಬಿ, ಹಸಿರು ತಗಡಿನ ಮೇಲೆ ಕೆಂಪು ಕೊಕ್ಕಿನ ಗಿಳಿ. ಆ ಜರ್ದಾ ನಮ್ಮ ಕಡೆ ಸಿಗುತ್ತಿರಲಿಲ್ಲ, ಅವನು ಊರಿಗೆ ಹೋದಾಗ ಡಜನ್ ಡಬ್ಬಿ ತರುತ್ತಿದ್ದ. ಮಾವ ಲೇತಿನ ಹತ್ತಿರ ಸುಳಿದರೆ ಸಾಕು, ಒಂದೇ ಮಾತು.

“ಏ ಹುಲಗ್ಯಾ, ಲೇತ್ ಮುಟ್ಟಬ್ಯಾಡ. ಕಸಬರಿಗಿ ಮೂಲ್ಯಾಗ ಅದ.”

ನಮ್ಮ ಕೇರಿಯವರ ಕೈ ತಗಲಿದರೆ ಯಂತ್ರ ಕೆಡುತ್ತದೆಂದು ಅವನ ನಂಬಿಕೆಯೋ, ಕೆಲಸ ಕಲಿತುಬಿಡುತ್ತಾನೆಂಬ ಹೆದರಿಕೆಯೋ, ಎರಡೂ ಇರಬಹುದು. ಮುಟ್ಟಲು ಬಿಡಲಿಲ್ಲ, ಆದರೆ ನೋಡಬೇಡ ಎನ್ನಲು ಆಗಲಿಲ್ಲವಲ್ಲ. ಮಾವ ಬುಟ್ಟಿಗೆ ತುಂಬುವ ಸುರುಳಿಗಳನ್ನೇ ನೋಡಿ ನೋಡಿ ಕಲಿತ. ಸುರುಳಿ ನೀಲಿಗೆ ತಿರುಗಿದೆಯೋ ಬೆಳ್ಳಗಿದೆಯೋ, ಉದ್ದಕ್ಕೆ ಬಂದಿದೆಯೋ ಪುಡಿಯಾಗಿದೆಯೋ ನೋಡಿಯೇ ಇವತ್ತು ಮೇಸ್ತ್ರಿ ಎಷ್ಟು ಆಳ ಕೆತ್ತಿದ, ಯಾವ ವೇಗದಲ್ಲಿ ಕೆತ್ತಿದ ಎಂದು ಹೇಳಬಲ್ಲವನಾದ. ಶಾಲೆಗೆ ಹೋದವನಲ್ಲ, ಅಂಕಿ ಬರುತ್ತಿರಲಿಲ್ಲ. ಹಾಗಾಗಿ ಜೋಡಿ ಸಾಮಾನುಗಳು ಅದಲು ಬದಲು ಆಗದಿರಲೆಂದು ಚೂಪು ಮೊನೆಯ ಪಂಚು ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಚುಕ್ಕಿ ಹೊಡೆಯುತ್ತಿದ್ದ. ಒಂದನೆಯದಕ್ಕೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು. ಇಡೀ ಕ್ಯಾಂಪಿಗೆ ಗೊತ್ತಿದ್ದ ಲೆಕ್ಕ ಅದು.

ಎಂಬತ್ನಾಲ್ಕನೇ ಇಸವಿಯ ದಸರಾ. ದೊಡ್ಡ ಯಂತ್ರವೊಂದಕ್ಕೆ ನಾಲ್ಕು ಬುಷ್ಷು ಬೇಕಿತ್ತು. ಬುಷ್ಷು ಎಂದರೆ ತಿರುಗುವ ಶಾಫ್ಟು ಸವೆಯದಿರಲೆಂದು ಅದರ ಸುತ್ತ ಕೂಡಿಸುವ ದಪ್ಪನೆಯ ಬಳೆ, ಹಿತ್ತಾಳೆಯಂತೆ ಹೊಳೆಯುವ ತುಟ್ಟಿ ಲೋಹದ್ದು. ರಂಗಣ್ಣ ನಾಲ್ಕನ್ನೂ ಕೆತ್ತಿಟ್ಟ. ಹಬ್ಬದ ಹಿಂದಿನ ಸಂಜೆ ಮಾವ ನಾಲ್ಕನ್ನೂ ತೊಳೆದು, ಅಂಚಿಗೆ ಚುಕ್ಕಿ ಹೊಡೆದು, ಹಲಗೆಯ ಮೇಲೆ ಸಾಲಾಗಿ ಇಟ್ಟು ಮನೆಗೆ ಬಂದ. ನಮ್ಮ ಕಡೆ ಆಯುಧ ಪೂಜೆಯ ದಿನ ಹೊಸ ಸಾಮಾನನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರವಿ, ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆಯೇ ಯಂತ್ರಕ್ಕೆ ಕೂಡಿಸುವುದು. ಪೂಜೆಗೆಂದು ಎತ್ತಿಟ್ಟದ್ದನ್ನು ಕದಿಯುವುದೆಂದರೆ ದೇವರ ಗರ್ಭಗುಡಿಯಲ್ಲಿ ಕೈ ಹಾಕಿದ ಹಾಗೆ.

ನಾನು ಆಗ ಎಂಟು ವರ್ಷದವಳು, ಮಂಡಕ್ಕಿ ಚುರುಮುರಿ ಹಂಚುತ್ತಾರೆಂದು ಆಯಿಯ ಸೆರಗು ಹಿಡಿದು ಹೋಗಿದ್ದೆ. ಸಾಹೇಬರು ಬಂದರು. ಬಟ್ಟೆಯ ಮೇಲೆ ಬುಷ್ಷು ಮೂರೇ ಇದ್ದವು.

“ನಾಲ್ಕನೇದು ಎಲ್ಲಿ?” ಎಂದರು ಸಾಹೇಬರು.

ರಂಗಣ್ಣ ಮಾವನ ಕಡೆ ಬೆರಳು ಮಾಡಿದ. “ಕಡೀಗಿ ಕೈ ಹಚ್ಚಿದಾವ ಇವ ಸಾಹೇಬ್ರ. ಗುಜರಿ ಅಂಗಡಿಯಾಗ ಛಲೋ ರೇಟು ಬರ್ತದ ಅದಕ್ಕ. ನಾ ಮೊದಲೇ ಹೇಳಿದ್ದೆ, ಇಂಥಾವರನ್ನ ಒಳಗ ಬಿಡಬ್ಯಾಡ್ರಿ ಅಂತ.”

ಅಷ್ಟರಲ್ಲಿ ನಮ್ಮ ಆಯಿ ಕಸಬರಿಗೆ ಕೆಳಗೆ ಹಾಕಿ ನೆಟ್ಟಗೆ ಬಂದು, ಎಲ್ಲರ ಎದುರಿಗೆ ಮಗನ ಕೆನ್ನೆಗೆ ಬಾರಿಸಿದಳು. ಇಪ್ಪತ್ತೆರಡು ವರ್ಷದ ಮಗ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ ಲೇತಿನ ಮೇಲಿದ್ದ ಕುಂಕುಮ ಮುಟ್ಟಿ ಆಣೆ ಮಾಡಿದಳು.

“ಇವನ ಕೈ ಗಳಿಸಿದ ಕೂಳು ನಾ ಉಣ್ಣಂಗಿಲ್ಲ. ಕಳ್ಳ ಅಂದಾವ ಅಲ್ಲ ಅಂತ ತಾನ ಅನ್ನೋತನಕ ಉಣ್ಣಂಗಿಲ್ಲ.”

ಮೂವತ್ತು ವರ್ಷ ಪರರ ಮನೆಯ ಕಸ ಗುಡಿಸಿ ಒಂದು ಮೊಳೆ ಮುಟ್ಟದ ಹೆಂಗಸು ಅವಳು. ಆ ಹೆಮ್ಮೆಯೇ ಅವಳ ಆಸ್ತಿ. ಅದಕ್ಕೆ ಅವಳಿಗೆ ಅಷ್ಟು ಸಿಟ್ಟು ಬಂತು ಎಂದು ನನಗೆ ಈಗ ತಿಳಿಯುತ್ತದೆ. ತಿಳಿದರೂ ಅವತ್ತಿನದನ್ನು ನಾನು ಒಪ್ಪುವುದಿಲ್ಲ. ಹಡೆದವಳು ಒಂದು ಮಾತು ಕೇಳಬಹುದಿತ್ತು.

ಅವತ್ತಿನಿಂದ ಆ ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದವು. ಆಯಿ ಬೇರೆಯವರ ಹೊಲದಲ್ಲಿ ಕಳೆ ತೆಗೆದು ತನ್ನ ಜೋಳ ತಾನು ತಂದುಕೊಂಡಳು, ಮೂರು ಕಲ್ಲಿಟ್ಟು ತನ್ನ ರೊಟ್ಟಿ ತಾನು ಬಡಿದುಕೊಂಡಳು. ಮಾವ ಗೋಡೆಯ ಆಚೆ ಬದಿಗೆ ಕುಳಿತು ದಪ್ಪ ದಪ್ಪ ರೊಟ್ಟಿ ಬಡಿದ, ಅಂಚೆಲ್ಲ ಸೀಳಿರುತ್ತಿತ್ತು. ಅವನ ಮದುವೆಯ ಮಾತು ಎರಡು ಕಡೆ ನಡೆದು ಎರಡೂ ಕಡೆ ಮುರಿಯಿತು. ಪೂಜೆಯ ಸಾಮಾನು ಕದ್ದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಕಡೆಗೆ ಅವನೇ ಬೇಡ ಎಂದುಬಿಟ್ಟ.

ಕ್ಯಾಂಪಿನಿಂದ ಹೊರಬಿದ್ದ ಮಾವನಿಗೆ ಕೆಲಸ ಕೊಟ್ಟವನು ಶಹಾಪುರದ ಗುಜರಿ ಅಂಗಡಿಯ ಬಾಷುಮಿಯಾ. ಕಳ್ಳ ಎಂದು ಹೆಸರು ಕೆಟ್ಟವನನ್ನು ಗುಜರಿಯವನು ಸೇರಿಸಿಕೊಂಡನೆಂದು ಜನ ಹಲ್ಲು ಕಿಸಿದರು. ಕಿಸಿಯಲಿ. ಹಳೆಯ ಯಂತ್ರಗಳನ್ನು ಬಿಚ್ಚಿ, ಕಬ್ಬಿಣ ಬೇರೆ ತಾಮ್ರ ಬೇರೆ ಮಾಡುವುದು ಅಲ್ಲಿನ ಕೆಲಸ. ಮಾವನಿಗೆ ಅದೇ ಶಾಲೆ ಆಯಿತು. ಏಳು ವರ್ಷದಲ್ಲಿ ಅವನು ಬಿಚ್ಚದ ಯಂತ್ರವೇ ಉಳಿಯಲಿಲ್ಲ.

ತೊಂಬತ್ತೊಂದರಲ್ಲಿ ನಮ್ಮ ಕಡೆಯ ಕಾಲುವೆ ಕೆಲಸ ಮುಗಿದು ಕ್ಯಾಂಪು ಎದ್ದಿತು. ರಂಗಣ್ಣ ಶಹಾಪುರದ ಬಸ್ಟ್ಯಾಂಡಿನ ಹಿಂದೆ ಸ್ವಂತ ವರ್ಕ್‌ಶಾಪು ಹಾಕಿದ, ಹೊಸ ಲೇತು ತರಿಸಿದ, ಬೋರ್ಡಿನ ಮೇಲೆ ಬಣ್ಣದ ಅಕ್ಷರದಲ್ಲಿ ಹೆಸರು ಬರೆಸಿದ. ಕ್ಯಾಂಪಿನ ಹಳೆಯ ಸಾಮಾನೆಲ್ಲ ತೂಕದ ಲೆಕ್ಕದಲ್ಲಿ ಬಾಷುಮಿಯಾನ ಅಂಗಳಕ್ಕೆ ಬಂತು. ಅದರಲ್ಲಿ ಆ ಹಸಿರು ಲೇತೂ ಇತ್ತು. ಲಾರಿಗೆ ಏರಿಸುವಾಗ ಬಿದ್ದು ಅದರ ಬೆನ್ನು ಎರಡು ತುಂಡಾಗಿತ್ತು. ಮಾವ ಹೋಗಿ ಅದರ ಮೇಲೆ ಅಂಗೈ ಇಟ್ಟ. ಜೀವಮಾನದಲ್ಲಿ ಮೊದಲ ಸಲ ಅವನು ಅದನ್ನು ಮುಟ್ಟಿದ್ದು ಅವತ್ತು.

“ಬಾಷುಭಾಯ್, ಇದು ನನಗ ಬೇಕು. ವರ್ಷದ ಕೂಲಿ ಕೊಡಬ್ಯಾಡ.”

“ಅರೆ ಹುಲಗಪ್ಪ, ಸತ್ತ ಕುದರಿ ಅದು. ತಗೊಂಡು ಏನ್ ಮಾಡ್ತಿ?”

“ಹತ್ತತೀನಿ,” ಎಂದ ಮಾವ.

ಎತ್ತಿನ ಬಂಡಿಯಲ್ಲಿ ಮೂರು ಸರ್ತಿ ಹೇರಿ ತಂದ. ಮನೆಯ ಹಿಂದೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ. ಲೇತಿನ ಎರಡು ತುಂಡುಗಳನ್ನು, ಸೇತುವೆ ಕಟ್ಟುವಾಗ ಉಳಿದ ಗರ್ಡರಿನ ಮೇಲೆ ಬೋಲ್ಟು ಹಾಕಿ ಕೂಡಿಸಿದ. ಮೇಲ್ಮೈ ಒಂದೇ ಮಟ್ಟಕ್ಕೆ ಬರಬೇಕಲ್ಲ? ದೀಪದ ಕಾಡಿಗೆಗೆ ಔಡಲೆಣ್ಣೆ ಕಲಸಿ ಒಂದು ನಯವಾದ ಪರಸಿ ಕಲ್ಲಿಗೆ ಸವರಿ, ಅದನ್ನು ಲೇತಿನ ಬೆನ್ನ ಮೇಲೆ ಎಳೆಯುವುದು. ಎಲ್ಲಿ ಕಪ್ಪು ಹತ್ತುತ್ತದೋ ಅಲ್ಲಿ ಉಬ್ಬಿದೆ ಎಂದರ್ಥ, ಅಲ್ಲಿಗೆ ಅರ ಹಾಕಿ ಉಜ್ಜುವುದು. ಮತ್ತೆ ಕಾಡಿಗೆ, ಮತ್ತೆ ಅರ. ಹೀಗೆ ಎರಡು ವರ್ಷ! ಓಣಿಯ ಹೆಂಗಸರು ಹುಲಗಪ್ಪ ಕಬ್ಬಿಣಕ್ಕೆ ಕಣ್ಣುಕಪ್ಪು ಹಚ್ಚುತ್ತಾನೆಂದು ನಕ್ಕರು. ನಾನು ಅವರಲ್ಲಿ ಇಬ್ಬರ ಜೊತೆ ಬಾವಿಕಟ್ಟೆಯಲ್ಲಿ ಜಗಳವಾಡಿ ಕೊಡ ಒಡೆದುಕೊಂಡು ಬಂದೆ.

ಒಳಗಿನ ಮುಖ್ಯ ಶಾಫ್ಟು ಬಾಗಿತ್ತು, ಅದರ ಬದಲು ಕಾಂಕ್ರೀಟು ಕಲಸುವ ಯಂತ್ರದ ಶಾಫ್ಟು ಬಂತು. ಬೇರಿಂಗು ಅಪಘಾತವಾದ ಲಾರಿಯ ಗಾಲಿಯದು. ತಿರುಗಿಸಲು ಯಾರೋ ಎಸೆದ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನು, ಎಳೆಯಲು ಹತ್ತಿ ಮಿಲ್ಲಿನ ಹಳೆಯ ಪಟ್ಟಾ. ಲೇತಿನ ಜೊತೆಗೆ ಬಂದಿದ್ದ ಗೇರುಗಳ ಒಂದು ಕಟ್ಟು ಇತ್ತು. ಯಾವ ಗೇರು ಹಾಕಿದರೆ ಯಾವ ಅಳತೆಯ ತಿರುಪು ಬರುತ್ತದೆಂದು ಅದರ ಲೆಕ್ಕ. ಅದನ್ನು ಮಾತ್ರ ಮಾವ ಎಣ್ಣೆ ಬಟ್ಟೆಯಲ್ಲಿ ಸುತ್ತಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

ತೊಂಬತ್ತೈದಕ್ಕೆ ಲೇತು ತಿರುಗಿತು. ಪಂಪಿನ ಬುಷ್ಷು, ರಾಶಿ ಮಾಡುವ ಯಂತ್ರದ ಶಾಫ್ಟು ಎಲ್ಲ ಮಾಡಿಕೊಟ್ಟ. ವಡಗೇರಾದಿಂದ, ಸುರಪುರದ ಕಡೆಯಿಂದಲೂ ಜನ ಬಂದರು. ಕೆಲಸ ಮಾಡಿಸಿಕೊಂಡು ಹೋಗುವಾಗ ‘ಕಳ್ಳ ಆದ್ರೂ ಕೈ ಛಲೋ ಅದ’ ಎನ್ನುತ್ತಿದ್ದರು. ಥೂ, ಇಂಥ ಹೊಗಳಿಕೆಗೆ ಬೆಂಕಿ ಹಾಕ.

ನಾನು ಒಮ್ಮೆ ಕೇಳಿದೆ. “ಮಾವ, ಇಷ್ಟೆಲ್ಲ ಆತಲ್ಲ. ಇನ್ನ ರಂಗಣ್ಣನ್ನ ಬಿಟ್ಟುಬಿಡು.”

ಅವನು ಅರ ಕೆಳಗಿಟ್ಟ. “ರಂಗಣ್ಣ ಹೊರಗಿನಾವ ಅಯ್ಯಮ್ಮ. ಅವ ಅಂದ್ರ ಅಂದ. ಇಕಿ ನನ್ನ ಹಡದಾಕಿ. ಅವನ ಬಾಯಿಂದ ಬಂದಿದ್ದಕ್ಕ ಇಕಿ ನನ್ನ ಹೊಡದ್ಲು. ಅದು ಅವನ ಬಾಯಿಂದನ ವಾಪಸ್ ಬರಬೇಕು. ಇಕಿ ಕೂತು ಕೇಳಬೇಕು.”

ತೊಂಬತ್ತಾರರ ಒಂದು ಭಾನುವಾರ ನಾನು ಮಜ್ಜಿಗೆ ಕೊಡಲು ಹೋಗಿದ್ದೆ. ಲೇತನ್ನು ನಿಧಾನಕ್ಕೆ ತಿರುಗಿಸಲು ಒಂದು ಗೇರುಪೆಟ್ಟಿಗೆ ಬೇಕೆಂದು ಮಾವ ಕ್ಯಾಂಪಿನ ಹಳೆಯ ವಿಂಚನ್ನು ಗುಜರಿಯಿಂದ ತಂದಿದ್ದ. ವಿಂಚು ಎಂದರೆ ಭಾರದ ಸಾಮಾನನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ. ಕ್ಯಾಂಪಿನಲ್ಲಿ ಅದು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುತ್ತಿತ್ತು. ಮಾವ ಅದರ ಎಡಬದಿಯ ಮುಚ್ಚಳ ಬಿಚ್ಚಿ, ಒಳಗಿನ ಬುಷ್ಷನ್ನು ಹೊರಗೆ ಬಡಿದ. ಬುಷ್ಷಿನ ಜೊತೆ ಅದರ ಸುತ್ತ ಸುತ್ತಿದ್ದ ತಗಡಿನ ಪಟ್ಟಿಯೊಂದು ಕಳಚಿ ಬಿತ್ತು. ಹಸಿರು ತಗಡು, ಕೆಂಪು ಕೊಕ್ಕಿನ ಅರ್ಧ ಗಿಳಿ.

ಮಾವ ಬುಷ್ಷನ್ನು ಲುಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟ. “ಎಣಸು,” ಎಂದ.

ಅಂಚಿನ ಮೇಲೆ ನಾಲ್ಕು ಚುಕ್ಕಿ.

ಎಲ್ಲ ಒಂದೇ ಏಟಿಗೆ ಗೊತ್ತಾಯಿತು. ಹತ್ತು ವರ್ಷದಲ್ಲಿ ಒಂದು ಪೀಸು ಕೆಡಿಸದ ಮಹಾನುಭಾವ ನಾಲ್ಕನೆಯ ಬುಷ್ಷಿನ ಹೊರಮೈಯನ್ನು ಹೆಚ್ಚು ಕೆತ್ತಿ ಸಡಿಲ ಮಾಡಿದ್ದ. ಹಬ್ಬದ ಬೆಳಿಗ್ಗೆ ಪೂಜೆಗೂ ಮೊದಲೇ ಗುಟ್ಟಾಗಿ ಕೂಡಿಸಿ ನೋಡಿದಾಗ ಅದು ಲೊಡಲೊಡ ಅಂದಿರಬೇಕು. ಸಾಹೇಬರ ಎದುರು ತಲೆ ತಗ್ಗಿಸಬೇಕಲ್ಲ ಎಂದು, ತನ್ನ ಜರ್ದಾ ಡಬ್ಬಿ ಕತ್ತರಿಸಿ ತಗಡು ಸುತ್ತಿ, ಯಾರೂ ಬಿಚ್ಚದ ವಿಂಚಿನೊಳಗೆ ಬಡಿದು ಮುಚ್ಚಿದ್ದ. ಒಬ್ಬ ಮೇಸ್ತ್ರಿಯ ಒಂದು ಚಣದ ಮರ್ಯಾದೆಗೆ ನಮ್ಮ ಮಾವನ ಹನ್ನೆರಡು ವರ್ಷ!

ಮಾವ ಓಡಿದ. ಆಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬುಷ್ಷನ್ನೂ ತಗಡನ್ನೂ ಅವಳ ಮೊರದಲ್ಲಿ ಹಾಕಿ, ಉಸಿರು ಬಿಡದೆ ಎಲ್ಲವನ್ನೂ ಹೇಳಿದ. ಆಯಿ ಬುಷ್ಷನ್ನು ಕೈಯಲ್ಲಿ ತೂಗಿ ನೋಡಿದಳು, ಉಗುರಿನಿಂದ ಚುಕ್ಕಿ ಮುಟ್ಟಿದಳು. ಆಮೇಲೆ ಹೇಳಿದ್ದು ಕೇಳಿ ನನಗೆ ಅವಳ ತಲೆಯ ಮೇಲೆ ಮೊರ ಬೋರಲು ಹಾಕಬೇಕು ಎನ್ನಿಸಿತು.

“ಚುಕ್ಕಿ ಹೊಡಿಯಾವ ನೀನು. ಬುಷ್ಷು ಮಾಡಾಕ ಮನ್ಯಾಗ ಲೇತು ಅದ. ಇದನ್ನ ನೀನ ನಿನ್ನಿ ಮಾಡಿಲ್ಲ ಅಂತ ನಾ ಹ್ಯಾಂಗ ನಂಬ್ಲೋ?”

ಏಳು ತಾಲೂಕು ಮೆಚ್ಚಿದ ಮಾವನ ಕೈಚಳಕವೇ ಅವನ ಸಾಕ್ಷಿಯನ್ನು ತಿಂದಿತ್ತು.

ಆಯಿ ಬುಷ್ಷನ್ನು ವಾಪಸು ಕೊಟ್ಟಳು, ತಗಡಿನ ಪಟ್ಟಿಯನ್ನು ಮಾತ್ರ ಎಲೆಅಡಿಕೆ ಸಂಚಿಯೊಳಗೆ ಇಟ್ಟುಕೊಂಡಳು. “ಎಲ್ಲಿ ಸಿಕ್ಕಿತು ಅಂತ ಇಬ್ರೂ ಹೊರಗ ಉಸರ್ ಎತ್ತಬ್ಯಾಡ್ರಿ. ಇಟ್ಟಾವ ಅವನ ಇದ್ರ, ಎಲ್ಲಿಟ್ಟಿದ್ದೆ ಅಂತ ಅವನ ಹೇಳ್ತಾನ. ಅವತ್ತ ನಂಬತೀನಿ.”

ಮಾವ ರಂಗಣ್ಣನ ಅಂಗಡಿಗೆ ಹೋಗಲಿಲ್ಲ. “ಅವ ನನ್ನ ಬಾಗಲಿಗೆ ಬರ್ತಾನ,” ಎಂದ. ಹೇಗೆ ಎಂದು ಕೇಳಿದ್ದಕ್ಕೆ ಎಣ್ಣೆ ಬಟ್ಟೆ ಬಿಚ್ಚಿ ಗೇರು ತೋರಿಸಿದ. ನಮ್ಮ ಕಡೆಯ ಕಿರುಗಾಲುವೆಗಳ ಗೇಟುಗಳನ್ನು ಎತ್ತಿ ಇಳಿಸುವುದು ಒಂದು ಉದ್ದನೆಯ ತಿರುಪು, ಆ ತಿರುಪು ಏರಿಳಿಯುವುದು ಒಂದು ದಪ್ಪ ಹಿತ್ತಾಳೆ ನಟ್ಟಿನಲ್ಲಿ. ಆ ನಟ್ಟುಗಳನ್ನು ಹಿಂದೆ ರಂಗಣ್ಣ ಇದೇ ಹಸಿರು ಲೇತಿನ ಮೇಲೆ, ಇದೇ ಗೇರು ಹಾಕಿ ಕೆತ್ತಿದ್ದ. ಹಳೆಯ ಇಂಚಿನ ಅಳತೆ, ಚೌಕ ಹಲ್ಲು. ಹೊಸ ಲೇತಿನಲ್ಲಿ ಆ ಅಳತೆ ಕೂಡುವುದಿಲ್ಲ.

“ಎಲ್ಲಾ ನಟ್ಟೂ ಸವಿತಾವ. ನಾ ಕಾಯ್ತೀನಿ.”

ವಾರಕ್ಕೊಮ್ಮೆ ಸೈಕಲ್ ಹತ್ತಿ ಕಾಲುವೆಗೆ ಹೋಗಿ, ಗೇಟಿನ ನಟ್ಟಿನೊಳಗೆ ಬೆರಳು ತೂರಿಸಿ, ಹಲ್ಲು ಎಷ್ಟು ತೆಳ್ಳಗಾಗಿದೆ ನೋಡಿ ಬರುತ್ತಿದ್ದ. ತೆಳ್ಳಗಾದ ವಾರ ಅವನ ಮುಖದಲ್ಲಿ ಗೆಲುವು ಇರುತ್ತಿತ್ತು. ಇಂಥ ಮನುಷ್ಯ ಒಳ್ಳೆಯವನೇ ಎಂದು ನೀವು ಕೇಳಬಹುದು. ನಮ್ಮವ್ವನದೂ ಆ ಕಾಲುವೆಯ ಕೆಳಗೆ ಎರಡು ಎಕರೆ ಇತ್ತು. ಆದರೂ ನಾನು ಅವನ ಕಡೆಯೇ.

ತೊಂಬತ್ತೆಂಟರ ಶ್ರಾವಣ ಕಳೆದ ಮೇಲೆ, ಭತ್ತ ನಾಟಿ ಮಾಡಿ ಎಂಟು ದಿನಕ್ಕೆ, ಸಗರದ ಕಡೆಯ ಗೇಟು ಧಡ್ ಎಂದು ಕೆಳಗೆ ಬಿದ್ದು ಕೂತಿತು. ನಟ್ಟಿನ ಹಲ್ಲು ಪೂರ್ತಿ ಕಿತ್ತು ಹೋಗಿತ್ತು. ಮೇಲಿನ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದೆ, ನಮ್ಮ ಕಡೆಗೆ ಹನಿ ಇಲ್ಲ. ಗೇಟು ರಿಪೇರಿಯ ಗುತ್ತಿಗೆ ರಂಗಣ್ಣನದೇ. ಎರಡು ದಿನ ತನ್ನ ಹೊಸ ಲೇತಿನ ಮೇಲೆ ಒದ್ದಾಡಿದ, ಆಗಲಿಲ್ಲ. ಮೂರನೆಯ ದಿನ ನೀರು ಬಿಡುವ ವೆಂಕಪ್ಪನನ್ನು ಕಳಿಸಿದ.

“ಹುಲಗಪ್ಪ, ಮೇಸ್ತ್ರಿ ಆ ಗೇರು ಕೇಳ್ಯಾನ. ನೀ ಹೇಳಿದ್ದ ರೇಟು.”

“ಗೇರು ಮಾರಾಕಿಲ್ಲ. ನಟ್ಟು ನಾ ಮಾಡ್ತೀನಿ, ಕೂಲಿನೂ ಬ್ಯಾಡ. ಅವ ಇಲ್ಲಿಗಿ ಬಂದು ನಮ್ಮವ್ವಗ ಒಂದು ಮಾತು ಹೇಳಬೇಕು. ಏನು ಮಾತು ಅಂತ ಅವಗ ಗೊತ್ತದ.”

ರಂಗಣ್ಣ ಬರಲಿಲ್ಲ. ನಾಲ್ಕನೆಯ ದಿನ ಗದ್ದೆ ಬಿರುಕು ಬಿಟ್ಟಿತು. ಊರಿನವರು ಗುಂಪು ಕಟ್ಟಿಕೊಂಡು ಬಂದು ಬೈದರು, ಕಾಲಿಗೆ ಬೀಳುತ್ತೇವೆ ಎಂದರು, ಮತ್ತೆ ಬೈದರು. ಐದನೆಯ ದಿನ ನಮ್ಮವ್ವ ಕರೆಮ್ಮ ತಾನೇ ಬಂದು ತಮ್ಮನ ಎದುರು ನಿಂತಳು.

“ನನ್ನ ಪೈರು ಕೆಂಪಾಗ್ಯದೋ ಹುಲಗ. ನಿನ್ನ ಹಟ ಎಲ್ಲಿತನಕ?”

“ಅವ ಬರೂತನಕ. ಅಕ್ಕಾ, ನಿನ್ನ ಪೈರು ಹೋದ್ರ ನನ್ನ ಜೋಳ ಅರ್ಧ ನಿಂದು. ಆದ್ರ ಅವ ಬರಬೇಕು. ಊರಾವ್ರಿಗಿ ಹೇಳು, ನನ್ನ ಬೈಯೂದು ಬಿಟ್ಟು ಅವನ್ನ ಕರಕೊಂಡು ಬರ್ರಿ ಅಂತ.”

ಅದೇ ಆಯಿತು. ಆರನೆಯ ದಿನ ಮುಂಜಾನೆ ವೆಂಕಪ್ಪನೂ ಹತ್ತು ಹನ್ನೆರಡು ರೈತರೂ ಶಹಾಪುರಕ್ಕೆ ಹೋಗಿ ರಂಗಣ್ಣನನ್ನು ಟಂಟಂ ರಿಕ್ಷಾದಲ್ಲಿ ಕೂಡಿಸಿಕೊಂಡು ಬಂದರು. ಕರೆತಂದರೋ ಎಳೆತಂದರೋ ನಾನು ಕೇಳಲಿಲ್ಲ. ದಪ್ಪಗಾಗಿದ್ದ, ತಲೆ ನೆರೆತಿತ್ತು. ಕೈಯಲ್ಲಿ ಕಿತ್ತುಹೋದ ನಟ್ಟು. ಆಯಿ ಕಂಬಕ್ಕೆ ಒರಗಿ ಕುಳಿತಿದ್ದಳು. ಮಾವ ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತ.

“ಲಾಲಮ್ಮ, ಹುಲಗಪ್ಪ ಛಲೋ ಮನಿಶ್ಯಾ ಅದಾನ,” ಎಂದು ಶುರು ಮಾಡಿದ ರಂಗಣ್ಣ. ಹುಲಗ್ಯಾ ಹೋಗಿ ಹುಲಗಪ್ಪ ಆಗಿದ್ದನ್ನು ನಾನು ಗಮನಿಸಿದೆ. “ಆವಾಗ ತಿಳೀಲಾರದ ಏನೋ ಒಂದು ಮಾತು ಬಂತು. ಹಳೀದು ಯಾಕ ಈಗ?”

“ನನ್ನ ಮಗ ಕದ್ದಿದ್ನೇನು?”

“ಇಲ್ಲ ಬಿಡು.”

“ಬಿಡೂದಿಲ್ಲ. ಕದ್ದಿಲ್ಲ ಅಂದ್ರ ನಾಕನೇ ಬುಷ್ಷು ಎಲ್ಲಿ ಹೋತು?”

ರಂಗಣ್ಣ ಸುತ್ತ ನೋಡಿದ. ಹನ್ನೆರಡು ಜನ ರೈತರು, ಅರ್ಧ ಓಣಿ, ಗೋಡೆ ಹತ್ತಿ ಕುಳಿತ ಮಂದಿ. ವೆಂಕಪ್ಪ ಅವನ ಬೆನ್ನಿಗೆ ಒಂದು ಬೆರಳು ತಿವಿದ. “ಹೇಳ್ರಿ ಮೇಸ್ತ್ರಿ. ಹೊಲ ಒಣಗಾಕತ್ತಾವ.”

“ಮೂಲ್ಯಾಗ ವಿಂಚು ಇತ್ತಲ್ಲ,” ಎಂದ ರಂಗಣ್ಣ ನೆಲ ನೋಡುತ್ತ. “ಅದರ ಎಡಗಡಿ ಹಾಕಿದ್ದೆ.”

“ಯಾಕ?”

“ಕೆತ್ತೂದು ಹೆಚ್ಚಾಗಿತ್ತು. ಲೂಸ್ ಆತು. ಸಾಹೇಬ್ರ ಮುಂದ ಮರ್ಯಾದಿ ಹೋಗ್ತದಂತ...”

“ಲೂಸ್ ಆದ ಬುಷ್ಷು ವಿಂಚಿನಾಗ ಹ್ಯಾಂಗ ನಿಂತಿತು?”

“ಜರ್ದಾ ಡಬ್ಬಿ ತಗಡು ಸುತ್ತಿದ್ದೆ.”

ಆ ಎರಡು ಮಾತನ್ನು ಯಾವ ಲೇತಿನ ಮೇಲೂ ಮಾಡಲು ಬರುವುದಿಲ್ಲ. ಆಯಿ ಸಂಚಿ ಬಿಚ್ಚಿ ಹಸಿರು ತಗಡಿನ ಪಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಎರಡು ವರ್ಷ ಎಲೆಯ ಜೊತೆ ಇಟ್ಟು ಅದಕ್ಕೆ ಸುಣ್ಣ ಹತ್ತಿತ್ತು. ಜನ ಗುಜುಗುಜು ಎಂದರು. ಆಯಿ ಕಂಬ ಹಿಡಿದು ಎದ್ದಳು, ನೆಟ್ಟಗೆ ನಡೆದು ಬಂದಳು, ಹದಿನಾಲ್ಕು ವರ್ಷದ ಹಿಂದೆ ಬಂದ ಹಾಗೆಯೇ. ಅದೇ ಕೈ. ರಂಗಣ್ಣನ ಕೆನ್ನೆಯ ಮೇಲೆ ಬಿದ್ದ ಏಟಿಗೆ ಅವನ ಕೈಯ ನಟ್ಟು ಉರುಳಿ ಹೋಯಿತು. ಯಾರೂ ಅವಳನ್ನು ತಡೆಯಲಿಲ್ಲ, ನಾನಂತೂ ತಡೆಯುವ ಪೈಕಿಯೇ ಅಲ್ಲ. ನನಗೆ ಸಂತೋಷದಿಂದ ಕಾಲು ನಿಲ್ಲಲಿಲ್ಲ.

ಮಾವ ಉರುಳಿದ ನಟ್ಟನ್ನು ಎತ್ತಿಕೊಂಡ. “ಬರ್ರಿ ಮೇಸ್ತ್ರಿ, ಒಳಗ ಬರ್ರಿ. ನಟ್ಟು ಮಾಡೂನು.”

ಎಂಜಿನ್ನು ಶುರುವಾಯಿತು, ಪಟ್ಟಾ ಏರಿತು. ತನ್ನ ಹಳೆಯ ಲೇತನ್ನು ಕಂಡು ರಂಗಣ್ಣನ ಕೈ ರೂಢಿಯಿಂದ ತಾನಾಗಿಯೇ ಹಿಡಿಕೆಯ ಕಡೆ ಹೋಯಿತು. ಮಾವ ದನಿ ಏರಿಸಲಿಲ್ಲ. ಬಹುವಚನವನ್ನೂ ಬಿಡಲಿಲ್ಲ.

“ಲೇತ್ ಮುಟ್ಟಬ್ಯಾಡ್ರಿ. ಕಸಬರಿಗಿ ಮೂಲ್ಯಾಗ ಅದ.”

ನಟ್ಟು ಆಗುವ ತನಕ, ಮೂರು ತಾಸು, ಶಹಾಪುರದ ದೊಡ್ಡ ವರ್ಕ್‌ಶಾಪಿನ ಮಾಲಕ ನಮ್ಮ ಮಾವನ ಕಾಲಕೆಳಗಿನ ಹಿತ್ತಾಳೆ ಸುರುಳಿ ಗುಡಿಸಿ ಬುಟ್ಟಿಗೆ ತುಂಬಿದ. ಬಾಗಿಲ ತುಂಬ ಜನ ನಿಂತು ನೋಡಿದರು. ಮಾವ ಒಂದು ಸಲವೂ ಅವನ ಕಡೆ ತಿರುಗಲಿಲ್ಲ. ಕಡೆಗೆ ನಟ್ಟಿನ ಅಂಚಿಗೆ ಪಂಚು ಇಟ್ಟು ನಾಲ್ಕು ಚುಕ್ಕಿ ಹೊಡೆದು ವೆಂಕಪ್ಪನ ಕೈಗೆ ಕೊಟ್ಟ. ಮಧ್ಯಾಹ್ನ ಗೇಟು ಎದ್ದಿತು. ಜನರೆಲ್ಲ ನೀರಿನ ಹಿಂದೆ ಓಡಿದರು, ನಮ್ಮವ್ವನೂ ಓಡಿದಳು. ಆ ಗೇಟಿನ ನಟ್ಟಿನ ಮೇಲೆ ಚುಕ್ಕಿ ಈಗಲೂ ಇವೆ, ಹೋಗಿ ನೋಡಬಹುದು.

ಸಂಜೆ ನಾನು ಮಾವನ ಮನೆಗೆ ಹೋದಾಗ ಆಯಿಯ ಒಲೆ ಇರಲಿಲ್ಲ. ಮೂರು ಕಲ್ಲುಗಳನ್ನೂ ಕಿತ್ತು ಅಂಗಳದ ಆಚೆ ಎಸೆದಿದ್ದಳು. ಮಗನ ಒಲೆಯ ಎದುರು ಕುಳಿತಿದ್ದಳು.

“ಹುಲಗ, ಹೊಡಿಯೋ ನನ್ನ. ಎಲ್ಲಾರ ಮುಂದ ಹೊಡದಿದ್ದೆ, ಎಲ್ಲಾರನ್ನೂ ಕರದು ಹೊಡಿ.”

“ಹೊಡಿಯಂಗಿಲ್ಲ,” ಎಂದ ಮಾವ. “ಉಣ್ಣು.”

ಹಿಟ್ಟು ನಾದಿ ರೊಟ್ಟಿ ಬಡಿದ. ದಪ್ಪ ರೊಟ್ಟಿ, ಅಂಚೆಲ್ಲ ಸೀಳಿದ್ದು. ಪುಂಡಿಪಲ್ಯ ಬಡಿಸಿದ. ಅಷ್ಟು ಸಿಟ್ಟಿನಿಂದ ಯಾರಾದರೂ ಯಾರಿಗಾದರೂ ಉಣ್ಣಲು ಹಾಕಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಆಯಿ ಒಂದು ತಿಂದಳು. ತಾಟಿಗೆ ಎರಡನೆಯದು ಬಿತ್ತು. ಹಲ್ಲಿಲ್ಲದ ಬಾಯಿ, ಪಲ್ಯದ ರಸಕ್ಕೆ ಅದ್ದಿ ಅದ್ದಿ ನುಂಗಿದಳು. ಮೂರನೆಯದು ಅರ್ಧಕ್ಕೆ ಬಂದಾಗ ಅವಳ ಕಣ್ಣೀರು ಗದ್ದಕ್ಕಿಳಿದು ತಾಟಿಗೆ ಬೀಳುತ್ತಿತ್ತು. ಮಾವ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಪ್ರತಿ ತುತ್ತನ್ನೂ ನೋಡುತ್ತಿದ್ದ.

“ಸಾಕೋ ಯಪ್ಪಾ,” ಎಂದಳು. “ನನ್ನ ಹೊಟ್ಟಿ ತುಂಬ್ಯದ.”

“ನಂದು ಇನ್ನಾ ತುಂಬಿಲ್ಲ,” ಎಂದು ಮಾವ ಹೆಂಚಿನ ಮೇಲಿನ ನಾಲ್ಕನೆಯದನ್ನು ತೆಗೆದು ಅವಳ ತಾಟಿಗೆ ಹಾಕಿದ.

ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ಅದನ್ನೂ ಮುರಿದಳು.